ಸಿಒ-4 (ನೇಪಿಯರ್ ಮೇವಿನ ತಳಿ) ಹುಲ್ಲು ಆಳೆತ್ತರ ಬೆಳೆದಿದೆ, ಹಾಲು ಮಾತ್ರ ಇಳಿಯುತ್ತಿದೆ. ಯಾಕೆ?

ಸುಂಟಿಕೊಪ್ಪ_ಕೊಟ್ಟಿಗೆ:
ತಲೆ ಕೆಟ್ಟು ಹೋಗಿದೆ. ಹುಲ್ಲು ನನಗಿಂತ ಎತ್ತರ ಇದೆ. ಕೊಯ್ದರೆ ಹೊರೆ ಹೊರೆ ಸಿಗುತ್ತದೆ. ಆದರೂ ಹಾಲು ದಿನದಿನಕ್ಕೆ ಕಡಿಮೆ. ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಹಸು. ಹಿಂಡಿ, ಬೂಸಾ ಏನೂ ಬದಲಾಯಿಸಿಲ್ಲ. ಡಾಕ್ಟರು ಬಂದು ನೋಡಿದರು, ಕಾಯಿಲೆ ಇಲ್ಲ ಅಂದರು. ಗೋದಲಿಯಲ್ಲಿ ಅರ್ಧ ಹುಲ್ಲು ಹಾಗೇ ಉಳಿಯುತ್ತದೆ. ನೆಡಲು ಕಡ್ಡಿ ಕೊಟ್ಟವರು ಬೇರೆ ತಳಿ ಕೊಟ್ಟುಬಿಟ್ಟರಾ? ಎಲ್ಲ ಕಿತ್ತು ಸೂಪರ್ ನೇಪಿಯರ್ ಹಾಕಲಾ? ಬೇಗ ಹೇಳಿ.

ಗೋಣಿಕೊಪ್ಪ_ತೋಟ:
ಮಣ್ಣು ಹುಳಿಯಾಗಿರಬೇಕು. ನಮ್ಮ ಮಳೆಗೆ ಮಣ್ಣಿನ ಸುಣ್ಣದ ಅಂಶವೆಲ್ಲ ತೊಳೆದು ಹೋಗುತ್ತದೆ. ಕಾಫಿಗೆ ಸುಣ್ಣ ಹಾಕುತ್ತೀರಲ್ಲ, ಹುಲ್ಲಿಗೆ ಯಾಕೆ ಹಾಕಲ್ಲ? ಮಣ್ಣು ಪರೀಕ್ಷೆ ಮಾಡಿಸಿ.

ಸುಂಟಿಕೊಪ್ಪ_ಕೊಟ್ಟಿಗೆ:
ಸರ್, ಹುಲ್ಲು ಚೆನ್ನಾಗಿಯೇ ಬೆಳೆದಿದೆ. ತೊಂದರೆ ಇರುವುದು ಹಾಲಿನಲ್ಲಿ.

ಗೋಣಿಕೊಪ್ಪ_ತೋಟ:
ಎತ್ತರ ಬೆಳೆದ ಮಾತ್ರಕ್ಕೆ ಸತ್ವ ಇರುತ್ತದೆ ಅಂತಲ್ಲ. ಮೊದಲು ಸುಣ್ಣ ಹಾಕಿ, ಆಮೇಲೆ ಮಾತಾಡೋಣ.

ಕುಶಾಲನಗರ_ಹೈನು:
ಚಾಫ್ ಕಟರ್‌ನಲ್ಲಿ (ಮೇವು ಕತ್ತರಿಸುವ ಮೆಷಿನ್) ಕತ್ತರಿಸಿ ಹಾಕುತ್ತೀರಾ, ಇಡಿಯಾಗಿ ಹಾಕುತ್ತೀರಾ? ಇಡಿಯಾಗಿ ಹಾಕಿದರೆ ಎಲೆ ತಿಂದು ಕಡ್ಡಿ ಬಿಡುತ್ತವೆ. ನನ್ನದು 2 ಎಚ್‌ಪಿ ಮೆಷಿನ್. ಆರು ಹಸುವಿಗೆ ಆರಾಮಾಗಿ ಸಾಕು.

ಶನಿವಾರಸಂತೆ_ಗೌಡ:
2 ಎಚ್‌ಪಿಗೆ ಬಲಿತ ನೇಪಿಯರ್ ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತದೆ. 3 ಎಚ್‌ಪಿ ಇರಲೇಬೇಕು.

ಕುಶಾಲನಗರ_ಹೈನು:
ಬ್ಲೇಡು ಹರಿತ ಇದ್ದರೆ ಯಾವ ಕಡ್ಡಿಯೂ ಸಿಕ್ಕಿಕೊಳ್ಳುವುದಿಲ್ಲ ಅಣ್ಣ. ನಮ್ಮ ಕಡೆ ಸಿಂಗಲ್ ಫೇಸ್ ಕರೆಂಟಿನಲ್ಲಿ, ಅದೂ ಮಳೆಗಾಲದ ವೋಲ್ಟೇಜಿನಲ್ಲಿ, 3 ಎಚ್‌ಪಿ ಓಡಿಸಿ ತೋರಿಸಿ.

ಶಾಂತಳ್ಳಿ_ಮೇವು:
ಮೆಷಿನ್ ಮಾತು ಆಮೇಲೆ. ಸುಂಟಿಕೊಪ್ಪದವರೇ, ಒಂದೇ ಪ್ರಶ್ನೆ. ಹಿಂದಿನ ಕೊಯ್ಲು ಆಗಿ ಎಷ್ಟು ದಿನ ಆಯಿತು?

ಸುಂಟಿಕೊಪ್ಪ_ಕೊಟ್ಟಿಗೆ:
ಮಳೆ ಹಿಡಿಯುವ ಮುಂಚೆ ಪೂರ್ತಿ ಕೊಯ್ದಿದ್ದೆ. ಕಕ್ಕಡದ (ಆಟಿ ತಿಂಗಳ) ಜೋರು ಮಳೆಯಲ್ಲಿ ಗದ್ದೆಗೆ ಇಳಿಯಲು ಆಗಲಿಲ್ಲ, ಬಿಟ್ಟೆ. ಈಗ ಒಂದು ಬದಿಯಿಂದ ಕೊಯ್ಯುತ್ತಿದ್ದೇನೆ. ಮೂರು ತಿಂಗಳ ಮೇಲಾಯಿತು. ಬೆಳೆದಷ್ಟೂ ತೂಕ ಜಾಸ್ತಿ ಅಲ್ವಾ?

ಶಾಂತಳ್ಳಿ_ಮೇವು:
ಉತ್ತರ ಇಲ್ಲೇ ಇದೆ. ತಳಿಯದ್ದೂ ತಪ್ಪಲ್ಲ, ಸುಣ್ಣದ್ದೂ ಅಲ್ಲ.

ತೂಕ ಜಾಸ್ತಿ ಆಗುವುದು ನಿಜ. ಆದರೆ ಹೆಚ್ಚುವುದು ಎಲೆಯಲ್ಲ, ಕಾಂಡ. ದಿನ ಕಳೆದಂತೆ ಕಾಂಡದಲ್ಲಿ ಲಿಗ್ನಿನ್, ಅಂದರೆ ಮರದಂಥ ಗಟ್ಟಿ ಅಂಶ, ತುಂಬುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯಲಾರವು. ನೇಪಿಯರ್ ಎಳೆಯದಿದ್ದಾಗ ಒಣ ತೂಕದಲ್ಲಿ ಪ್ರೋಟೀನ್ ಶೇ. 10ರ ಆಸುಪಾಸು ಇರುತ್ತದೆ. ಮೂರು ತಿಂಗಳು ಬಿಟ್ಟರೆ 6-7ಕ್ಕೆ ಇಳಿಯುತ್ತದೆ. ಶೇ. 7ಕ್ಕಿಂತ ಕೆಳಗೆ ಹೋದರೆ ಆ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ಮೇವು ನಿಧಾನ ಕರಗುತ್ತದೆ, ಹೊಟ್ಟೆ ತುಂಬಿಯೇ ಇರುತ್ತದೆ, ಹಸು ಕಡಿಮೆ ತಿನ್ನುತ್ತದೆ. ಗೋದಲಿಯಲ್ಲಿ ಉಳಿಯುವುದು ಅದಕ್ಕೇ.

ಸಿಒ-4ನ್ನು ಹೊರತಂದದ್ದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. ಅವರು ಹೇಳುವುದು ಇಷ್ಟು: ನೆಟ್ಟ ಮೇಲೆ ಮೊದಲ ಕೊಯ್ಲು 75-80 ದಿನಕ್ಕೆ, ಆಮೇಲೆ ಪ್ರತಿ 45 ದಿನಕ್ಕೆ. ಕಾದು ಒಂದು ದೊಡ್ಡ ಕೊಯ್ಲು ಮಾಡುವುದಕ್ಕಿಂತ ಎರಡು ಸಣ್ಣ ಕೊಯ್ಲಿನಲ್ಲಿ ಹಸುವಿಗೆ ದಕ್ಕುವ ಸತ್ವ ಜಾಸ್ತಿ.

ನಾಪೋಕ್ಲು_ಹೊಳೆಬದಿ:
ಹಾಗಿದ್ದರೆ 25 ದಿನಕ್ಕೇ ಕೊಯ್ದರೆ ಇನ್ನೂ ಒಳ್ಳೆಯದಲ್ವಾ?

ಶಾಂತಳ್ಳಿ_ಮೇವು:
ಬೇಡ. ಅಷ್ಟು ಎಳೆಯದರಲ್ಲಿ ನೀರೇ ಜಾಸ್ತಿ, ಅದರಲ್ಲೂ ಮಳೆಗಾಲದಲ್ಲಿ. ಸೆಗಣಿ ತೆಳ್ಳಗಾಗುತ್ತದೆ, ನಾರು ಸಾಲದೆ ಹಾಲಿನ ಫ್ಯಾಟ್ ಇಳಿಯುತ್ತದೆ. ಎಳೆ ನೇಪಿಯರ್‌ನಲ್ಲಿ ಆಕ್ಸಲೇಟ್ ಎಂಬ ಲವಣ ಕೂಡ ಹೆಚ್ಚು. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಪದೇ ಪದೇ ಕೊಯ್ದರೆ ಬುಡದಲ್ಲಿ ಕೂಡಿಟ್ಟ ಶಕ್ತಿ ಖಾಲಿಯಾಗಿ ತೆಂಡೆ (ಬುಡದ ಹೊಸ ಚಿಗುರು) ಕಡಿಮೆ ಒಡೆಯುತ್ತವೆ, ಬುಡವೇ ಸಾಯುತ್ತದೆ. ಇನ್ನೊಂದು ಎಚ್ಚರಿಕೆ. ಯೂರಿಯಾ ಹೆಚ್ಚು ಹಾಕಿ, ಮೋಡ ಕವಿದ ದಿನಗಳಲ್ಲಿ ತಕ್ಷಣ ಕೊಯ್ದು ಹಾಕಬೇಡಿ. ಬಿಸಿಲಿಲ್ಲದಿದ್ದರೆ ಹುಲ್ಲಿನಲ್ಲಿ ನೈಟ್ರೇಟ್ ಸೇರುತ್ತದೆ, ದನಕ್ಕೆ ವಿಷವಾಗಬಹುದು.

ಶನಿವಾರಸಂತೆ_ಗೌಡ:
ನನಗೆ ಈ ದಿನ ಎಣಿಸುವ ಗೋಳೇ ಇಲ್ಲ. ಸೈಲೇಜ್ (ಹಸಿ ಮೇವು ಹುದುಗಿಸಿ ಕೂಡಿಡುವ) ಗುಂಡಿ ಇದೆ, ರಬ್ಬರ್ ಮ್ಯಾಟ್ ಹಾಕಿದ್ದೇನೆ, ಹಾಲು ಕರೆಯಲು ಮೆಷಿನ್. ಬೇಕಾದವರು ಬಂದು ನೋಡಬಹುದು.

ಗೋಣಿಕೊಪ್ಪ_ತೋಟ:
ಸೈಲೇಜ್ ಹಾಕಿದರೂ ಮಣ್ಣು ಸರಿ ಇರಬೇಕು.

ಸುಂಟಿಕೊಪ್ಪ_ಕೊಟ್ಟಿಗೆ:
ಗುಂಡಿ, ಮ್ಯಾಟ್ ಎಲ್ಲ ಆಮೇಲೆ ನೋಡೋಣ ಅಣ್ಣ. 45 ದಿನಕ್ಕೆ ಒಮ್ಮೆಗೇ ಕೊಯ್ದರೆ ನಾಲ್ಕು ಹಸು ಎಷ್ಟು ತಿಂದಾವು? ಉಳಿದದ್ದು ಮತ್ತೆ ಬಲಿಯುತ್ತದಲ್ಲ?

ಶಾಂತಳ್ಳಿ_ಮೇವು:
ಒಮ್ಮೆಗೇ ಕೊಯ್ಯಬಾರದು, ಪಾತಿ ಮಾಡಿ. ಎಕರೆಗೆ 40 ಗುಂಟೆ. ದಿನಕ್ಕೊಂದು ಗುಂಟೆ ಕೊಯ್ದರೆ 40ನೇ ದಿನ ಮುಗಿಯುತ್ತದೆ, ನಾಲ್ಕೈದು ದಿನದಲ್ಲಿ ಮೊದಲ ಗುಂಟೆ ಮತ್ತೆ ಸಿದ್ಧ. ನಾಲ್ಕು ಹಸುವಿಗೆ ಪೂರ್ತಿ ಗುಂಟೆ ಬೇಕಾಗಿಲ್ಲ. ಒಂದಕ್ಕೆ 30 ಕಿಲೋ ಅಂದರೂ ದಿನಕ್ಕೆ 120 ಕಿಲೋ. ಬೆಳೆ ಚೆನ್ನಾಗಿದ್ದರೆ ಕಾಲು ಗುಂಟೆ ಸಾಕು, ಮಳೆಗಾಲದಲ್ಲಿ ಬಿಸಿಲಿಲ್ಲದೆ ಬೆಳವಣಿಗೆ ಕುಂಟುವುದರಿಂದ ಅರ್ಧ ಗುಂಟೆ ಇಟ್ಟುಕೊಳ್ಳಿ. ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕೊಯ್ಯಿರಿ. ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆಯಿರಿ.

ನಾಪೋಕ್ಲು_ಹೊಳೆಬದಿ:
ಕಾಫಿ ನೆರಳಿನಲ್ಲೂ ಇದೇ ಲೆಕ್ಕವಾ? ನನ್ನದು ಸಿಲ್ವರ್ ಓಕ್ ಕೆಳಗೆ.

ಶಾಂತಳ್ಳಿ_ಮೇವು:
ನೇಪಿಯರ್‌ಗೆ ಬಿಸಿಲು ಬೇಕು. ನೆರಳಿಗೆ ಗಿನಿ ಹುಲ್ಲು ಹಾಕಿ, ಕಾಂಡವೂ ತೆಳ್ಳಗೆ. ಅದು ಬೇರೆ ವಿಷಯ, ಬೇರೆ ಪ್ರಶ್ನೆಯಾಗಿ ಹಾಕಿ.

ಸುಂಟಿಕೊಪ್ಪ_ಕೊಟ್ಟಿಗೆ:
ಸರಿ. ಈಗ ಗದ್ದೆಯಲ್ಲಿ ಬಲಿತು ನಿಂತಿರುವುದನ್ನು ಏನು ಮಾಡಲಿ?

ಶಾಂತಳ್ಳಿ_ಮೇವು:
ಪಾತಿಯ ಲೆಕ್ಕ ಶುರುವಾಗಬೇಕಾದರೆ ಭಾಗ ಭಾಗವಾಗಿ ಎಲ್ಲ ಕಡಿಯಲೇಬೇಕು. ತುದಿಯ ಎಲೆಭಾಗ ಸಣ್ಣಗೆ ಕತ್ತರಿಸಿ ಕರೆಯುವ ಹಸುವಿಗೆ. ಬತ್ತಿದ ಹಸು ಇದ್ದರೆ ಉಳಿದದ್ದು ಸ್ವಲ್ಪ ಅದಕ್ಕೆ. ದಪ್ಪ ಕಡ್ಡಿ ಗಿಣ್ಣು ಚಿಗುರದಂತೆ ಒಣಗಿಸಿ ಕಾಫಿ ಬುಡಕ್ಕೆ ಹೊದಿಕೆ ಹಾಕಿ. ಹೊಸ ಚಿಗುರು ಬರುವವರೆಗೆ ಒಣಹುಲ್ಲು ತಂದಿಟ್ಟುಕೊಳ್ಳಿ.

ಕುಶಾಲನಗರ_ಹೈನು:
ಆ ಬಲಿತ ಕಡ್ಡಿಯನ್ನು 2 ಎಚ್‌ಪಿಯಲ್ಲಿ ನಾನು ಕತ್ತರಿಸಿ ತೋರಿಸುತ್ತೇನೆ, ವಿಡಿಯೋ ಹಾಕುತ್ತೇನೆ.

ಶನಿವಾರಸಂತೆ_ಗೌಡ:
ಹಾಕಿ. ವೋಲ್ಟೇಜ್ ಮೀಟರ್ ಕೂಡ ಕಾಣಲಿ.