ಸ್ಥಾಯಿ ಸಮಿತಿ ವರದಿ ಕೊಟ್ಟ ಮೇಲೆ ಇಲಾಖೆ ಏನು ಮಾಡಿತು, ಎಲ್ಲಿ ನೋಡಬೇಕು?

ಪ್ರಶ್ನೆ:
ಸಂಸತ್ತಿನ ಸ್ಥಾಯಿ ಸಮಿತಿಗಳ (ಸಚಿವಾಲಯಗಳ ಕೆಲಸ ಪರಿಶೀಲಿಸುವ ಸಂಸದರ ಸಮಿತಿಗಳು) ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದೇನೂ ಇಲ್ಲವಂತೆ. ಹಾಗಿದ್ದರೆ ವರದಿ ಮಂಡನೆಯಾದ ಮೇಲೆ ಅದರ ಗತಿ ಏನಾಯಿತು ಅಂತ ತಿಳಿಯುವುದು ಹೇಗೆ?

ಉತ್ತರ 1:
ಒಪ್ಪಲೇಬೇಕೆಂದಿಲ್ಲ, ಆದರೆ ಉತ್ತರ ಕೊಡಲೇಬೇಕು. ಪ್ರತಿ ಶಿಫಾರಸಿಗೂ ಸಚಿವಾಲಯ 3 ತಿಂಗಳೊಳಗೆ ಲಿಖಿತ ಉತ್ತರ ಕಳಿಸಬೇಕು. ಅದನ್ನು ಪರಿಶೀಲಿಸಿ ಸಮಿತಿ ‘ಕ್ರಮ ಕೈಗೊಂಡ ವರದಿ’ ಅಂತ ಇನ್ನೊಂದು ವರದಿ ತರುತ್ತದೆ. ನೀವು ಹುಡುಕಬೇಕಾದ್ದು ಇದನ್ನೇ. ಲೋಕಸಭೆಯ ಸಮಿತಿಗಳದ್ದಾದರೆ ಸಾಮಾನ್ಯವಾಗಿ 5 ಅಧ್ಯಾಯ. 2ರಲ್ಲಿ ಸರ್ಕಾರ ಒಪ್ಪಿದ್ದು, 3ರಲ್ಲಿ ಉತ್ತರ ನೋಡಿ ಸಮಿತಿಯೇ ಕೈಬಿಟ್ಟದ್ದು, 4ರಲ್ಲಿ ಸಮಿತಿಗೆ ಒಪ್ಪಿಗೆಯಾಗದ ಉತ್ತರಗಳು, 5ರಲ್ಲಿ ಅಂತಿಮ ಉತ್ತರ ಇನ್ನೂ ಬಾರದವು. ಮೊದಲು 4ನ್ನು ತೆಗೆಯಿರಿ. ಜಟಾಪಟಿ ಇರುವುದು ಅಲ್ಲೇ. ಆ ಉತ್ತರಗಳ ಬಗ್ಗೆ ಸಮಿತಿ ಏನೆಂದಿತು ಅನ್ನುವುದು 1ನೇ ಅಧ್ಯಾಯದಲ್ಲಿರುತ್ತದೆ.

ಉತ್ತರ 2:
2ನೇ ಅಧ್ಯಾಯ ದಪ್ಪಗಿದೆ ಅಂತ ಸಮಾಧಾನಪಡಬೇಡಿ. ‘ಸಮಿತಿಯ ಸಲಹೆಯನ್ನು ಗಮನಿಸಲಾಗಿದೆ’ ಅನ್ನುವ ಒಂದು ಸಾಲೂ ಒಪ್ಪಿದ ಲೆಕ್ಕಕ್ಕೆ ಸೇರಿಬಿಡುವುದುಂಟು. ಆದೇಶ ಯಾವಾಗ ಹೊರಟಿತು, ಹಣ ಎಷ್ಟು ಬಿಡುಗಡೆಯಾಯಿತು, ಗಡುವು ಏನು? ಇವು ಮೂರೂ ಇಲ್ಲದ ಉತ್ತರ ನನ್ನ ಪ್ರಕಾರ ಉತ್ತರವೇ ಅಲ್ಲ. ಲೋಕಸಭಾಧ್ಯಕ್ಷರ ನಿರ್ದೇಶನ 73ಎ ಪ್ರಕಾರ ಶಿಫಾರಸುಗಳ ಜಾರಿ ಎಲ್ಲಿಗೆ ಬಂತೆಂದು ಸಚಿವರು 6 ತಿಂಗಳಿಗೊಮ್ಮೆ ಸದನದಲ್ಲಿ ಹೇಳಿಕೆ ಕೊಡಬೇಕು. ಆ ಹೇಳಿಕೆಯನ್ನೂ ಕ್ರಮ ಕೈಗೊಂಡ ವರದಿಯನ್ನೂ ಪಕ್ಕಪಕ್ಕ ಇಟ್ಟು ಓದಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಸರ್ಕಾರದ ಖರ್ಚು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯದ್ದೂ ಇದೇ ದಾರಿಯೇ? ಸಮಿತಿಗೆ ಕಡತ ಕೊಡುವುದಿಲ್ಲ ಅಂತ ಇಲಾಖೆ ಹೇಳಬಹುದೇ?

ಉತ್ತರ 3:
ಕ್ರಮ ಕೈಗೊಂಡ ವರದಿ ಅಲ್ಲೂ ಇದೆ. ಆದರೆ ಕೆಲಸ ಶುರುವಾಗುವುದು ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರ (ಸಿಎಜಿ) ವರದಿಯಿಂದ. ಸಮಿತಿಯಲ್ಲಿ 22 ಸದಸ್ಯರು, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಸಚಿವರಾದವರು ಸದಸ್ಯರಾಗುವಂತಿಲ್ಲ. 1967ರಿಂದ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ ಕೊಡುವ ರೂಢಿ ಬಂದಿದೆ. ಸಾಕ್ಷ್ಯ ಹೇಳಲು ಕೂರುವವರು ಇಲಾಖೆಯ ಕಾರ್ಯದರ್ಶಿ, ಸಚಿವರನ್ನು ಕರೆಯುವುದಿಲ್ಲ. ಇದರ ದೊಡ್ಡ ಕೊರತೆ ಎಂದರೆ ಹಣ ಖರ್ಚಾಗಿ ವರ್ಷಗಳಾದ ಮೇಲೆ ವಿಚಾರಣೆ. ಅಷ್ಟರಲ್ಲಿ ಸಹಿ ಹಾಕಿದ ಅಧಿಕಾರಿ ಬೇರೆಡೆಗೆ ವರ್ಗವಾಗಿರುತ್ತಾರೆ. ಸಮಿತಿಯ ಅವಧಿಯೂ ಒಂದೇ ವರ್ಷ, ಹಾಗಾಗಿ ಸಿಎಜಿ ಎತ್ತಿದ ಕೆಲವೇ ವಿಷಯಗಳನ್ನು ಆರಿಸಿಕೊಳ್ಳಬೇಕಾಗುತ್ತದೆ.

ಕಡತದ ವಿಷಯ: ಲೋಕಸಭೆಯ ನಿಯಮ 270ರಂತೆ ವ್ಯಕ್ತಿಗಳನ್ನೂ ದಾಖಲೆಗಳನ್ನೂ ತರಿಸಿಕೊಳ್ಳುವ ಅಧಿಕಾರ ಸಮಿತಿಗಿದೆ. ದೇಶದ ಸುರಕ್ಷತೆಗೆ ಅಥವಾ ಹಿತಕ್ಕೆ ಧಕ್ಕೆ ಅನ್ನುವ ಕಾರಣ ಕೊಟ್ಟರೆ ಮಾತ್ರ ಸರ್ಕಾರ ನಿರಾಕರಿಸಬಹುದು. ‘ಹಿತ’ ಎಂಬ ಆ ಒಂದು ಪದ ಬಹಳ ಅಗಲವಾಗಿದೆ, ತಕರಾರು ಏಳುವುದೂ ಅಲ್ಲೇ.