ಅಪ್‌ಡೇಟ್: ಪುಟ್ಟ ಊರಿನ ಶಾಲೆ ಮುಚ್ಚುವ ವಿಚಾರ

ಅಮೆರಿಕದ ಹಳ್ಳಿಗಾಡಿನಲ್ಲಿರುವ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಈ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ), ನಮ್ಮೂರ ಪ್ರೈಮರಿ ಶಾಲೆ ಮುಚ್ಚಿ ಮಕ್ಕಳನ್ನು ಪಕ್ಕದ ಊರಿಗೆ ಕಳಿಸಲು ಹೊರಟಿತ್ತು. ಪೋಷಕರು ಏನು ಮಾಡಬಹುದು ಅಂತ ಕೇಳಿದ್ದೆ.

ನೀವು ಹೇಳಿದ ಹಾಗೆ ಸ್ಕೂಲ್ ಬೋರ್ಡ್, ಅಂದರೆ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯ ಸಭೆಗೆ ಹೋದೆ. ಬೋರ್ಡ್ ಸದಸ್ಯರನ್ನು ಆರಿಸುವುದು ಇಲ್ಲಿನ ಮತದಾರರೇ. ಸಭೆಗೆ ಯಾರು ಬೇಕಾದರೂ ಹೋಗಬಹುದು. ಹೆಸರು ಬರೆಸಿದವರಿಗೆ ಮಾತಾಡಲು ತಲಾ 3 ನಿಮಿಷ. ಒಬ್ಬ ಬಸ್ ಡ್ರೈವರ್ ಹಿಮ ಬಿದ್ದಾಗ ಜಾರುವ ಮಣ್ಣು ರಸ್ತೆಯ ತಿರುವುಗಳನ್ನು ಒಂದೊಂದಾಗಿ ಹೇಳಿದರು. ಚಳಿಗಾಲದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳು ಕತ್ತಲಲ್ಲೇ ಬಸ್ ಹತ್ತಬೇಕಾಗುತ್ತದೆ ಅಂದರು. ನಮ್ಮೆಲ್ಲರ ಮಾತಿಗಿಂತ ಅವರ ಮಾತೇ ಜಾಸ್ತಿ ನಾಟಿತು.

ನಿಜವಾದ ಕಷ್ಟ ದುಡ್ಡಿನದು. ರಾಜ್ಯದ ಹಣ ಬಹುಮಟ್ಟಿಗೆ ಮಕ್ಕಳ ಸಂಖ್ಯೆ ನೋಡಿ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸ್ಥಳೀಯ ಆಸ್ತಿ ತೆರಿಗೆ. ಮಕ್ಕಳು ಕಡಿಮೆಯಾದರೂ ಕಟ್ಟಡದ ಹೀಟಿಂಗ್, ಬಸ್ಸಿನ ಡೀಸೆಲ್ ಕಡಿಮೆಯಾಗುವುದಿಲ್ಲ ಅಲ್ವಾ? ಹಾಗಾಗಿ ಬೋರ್ಡಿನವರನ್ನು ಸುಮ್ನೆ ಬೈಯಲು ಮನಸ್ಸು ಬರಲಿಲ್ಲ. ಆದರೂ ಊರಿನವರು ಒಟ್ಟಿಗೆ ಸೇರುವ ಜಾಗ ಅಂತ ಇರುವುದೇ ಆ ಶಾಲೆಯ ಜಿಮ್ (ಒಳಾಂಗಣ ಆಟದ ಹಾಲ್). ಅದನ್ನು ಬಿಟ್ಟುಕೊಡಲು ನಾನಂತೂ ಒಪ್ಪುವುದಿಲ್ಲ.

ಸದ್ಯಕ್ಕೆ ಶಾಲೆ ಮುಚ್ಚುವ ಬಗ್ಗೆ ಬೋರ್ಡಿನವರ ಮತದಾನ ಮುಂದಕ್ಕೆ ಹೋಗಿದೆ. ಮುಚ್ಚಿದರೆ ಎಷ್ಟು ಉಳಿಯುತ್ತದೆ, ಬಸ್ ಖರ್ಚು ಎಷ್ಟು ಏರುತ್ತದೆ ಅಂತ ಬರಹದಲ್ಲಿ ಲೆಕ್ಕ ಕೊಡಲು ಒಪ್ಪಿದ್ದಾರೆ. ಅದು ಕೈಗೆ ಸಿಕ್ಕ ಕೂಡಲೇ ತಿಳಿಸುತ್ತೇನೆ.