ಮುಧೋಳ ನಾಯಿ ಕಟ್ಟಿಕೊಂಡು ಹಿನ್ನೀರಿನ ದಂಡೆಯಲ್ಲಿ ಹಕ್ಕಿ ಫೋಟೊ: ಅನುಭವ ಇದ್ದವರು ಹೇಳಿ

ಬಾಗಲಕೋಟೆಯಿಂದ ಪ್ರಶ್ನೆ

ನಮಸ್ಕಾರ ಎಲ್ಲರಿಗೂ. ನಾನು ನವನಗರದವನು. ಮನೆಯಲ್ಲಿ ಒಂದೂವರೆ ವರ್ಷದ ಮುಧೋಳ ನಾಯಿ ಇದೆ, ಹೆಸರು ಚಿನ್ನಿ. ದಿನಾ ಬೆಳಿಗ್ಗೆ ಆಲಮಟ್ಟಿ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗುತ್ತೇನೆ. ದೀಪಾವಳಿಗೆ ಒಂದು ಹಳೇ ಕ್ಯಾಮೆರಾ ಮತ್ತು 70-300 ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ, ಅಲ್ಲಿಂದ ಹಕ್ಕಿ ಹುಚ್ಚು ಹಿಡಿದಿದೆ. ತೊಂದರೆ ಏನಂದ್ರೆ ನಾವು ನೂರು ಮೀಟರ್ ಹತ್ತಿರ ಹೋಗುವುದರೊಳಗೆ ಇಡೀ ದಂಡೆ ಖಾಲಿ. ನನ್ನ ಬಳಿ ಇರುವ ಫೋಟೊಗಳಲ್ಲಿ ಮುಕ್ಕಾಲು ಪಾಲು ಬರೀ ಬಾಲ.

ಹೋದ ಭಾನುವಾರ ಚಿನ್ನಿ ಕುತ್ತಿಗೆ ಬೆಲ್ಟ್ ಕಳಚಿಕೊಂಡು ಪಟ್ಟೆ ತಲೆ ಹೆಬ್ಬಾತುಗಳ ಹಿಂಡಿಗೇ ನುಗ್ಗಿಬಿಟ್ಟಳು. ದೊಡ್ಡ ಲೆನ್ಸ್ ಹಿಡಿದು ಬೆಳಗಿನಿಂದ ಕೂತಿದ್ದ ಹಿರಿಯರೊಬ್ಬರು ಬಾಯಿಗೆ ಬಂದ ಹಾಗೆ ಬೈದರು. ತಪ್ಪು ನನ್ನದೇ, ಸುಮ್ನೆ ಕೇಳಿಸಿಕೊಂಡೆ. ಬರುವ ತಿಂಗಳು ಮನೆಯವರೆಲ್ಲ ಕಾರವಾರಕ್ಕೆ ಹೊರಟಿದ್ದೇವೆ, ಅವಳೂ ಬರುತ್ತಾಳೆ. ನಾಯಿ, ಹಕ್ಕಿ, ಕ್ಯಾಮೆರಾ ಮೂರೂ ಒಟ್ಟಿಗೆ ಆಗುತ್ತಾ? ಇಲ್ಲ, ಒಂದನ್ನು ಬಿಡಲೇಬೇಕಾ? ಮಾಡಿ ನೋಡಿದವರು ಹೇಳಿ.

ಮುಧೋಳದಿಂದ

ತಮ್ಮಾ, ಮೊದಲು ಆ ಬೆಲ್ಟ್ ತೆಗೆದು ಮೂಲೆಗೆ ಹಾಕು. ನಮ್ಮ ನಾಯಿಗಳ ತಲೆ ಸಣ್ಣ, ಉದ್ದ. ಸಾದಾ ಬೆಲ್ಟ್ ಹಾಕಿದರೆ ಹಿಂದಕ್ಕೆ ಒಂದು ಸಲ ಜಗ್ಗಿದರೆ ಸಾಕು, ತಲೆ ಹೊರಗೆ. ಎಳೆದಾಗ ಅಷ್ಟೇ ಬಿಗಿಯಾಗುವ ಅಗಲ ಪಟ್ಟಿ ಬರುತ್ತದೆ, ಮಾರ್ಟಿಂಗೇಲ್ ಅಂತಾರೆ, ಅದು ತಗೋ. ಇಲ್ಲಾಂದ್ರೆ ಎದೆಗೂ ಹೊಟ್ಟೆಗೂ ಎರಡು ಕಡೆ ಪಟ್ಟಿ ಇರುವ ಹಾರ್ನೆಸ್. ಮುಧೋಳದ ಎದೆ ಆಳ, ನಡು ಸಣ್ಣ, ಅಂಗಡಿಯ ಅಳತೆ ಹೊಂದುವುದಿಲ್ಲ. ನಾನು ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದೆ.

ಇನ್ನೊಂದು ಮಾತು. ನಿನ್ನ ಚಿನ್ನಿ ತುಂಟಿ ಅಂತ ತಿಳಿಯಬೇಡ. ಬೇರೆ ನಾಯಿ ಮೂಗಿನಿಂದ ಹುಡುಕುತ್ತದೆ, ಇದು ಕಣ್ಣಿನಿಂದ. ದೂರದಲ್ಲಿ ಏನೋ ಅಲುಗಾಡಿತು ಅಂದ್ರೆ ಮುಗೀತು, ಆಮೇಲೆ ನೀನು ಕೂಗಿದ್ದು ಕೇಳಿಸುವುದಿಲ್ಲ. ಮೊಲದ ಬೇಟೆಗೆ ಸಾಕಿದ ತಳಿ ಇದು. ಮುಧೋಳದ ಅರಸರು ಬೆಳೆಸಿದ್ದು, 2005ರಲ್ಲಿ ಅಂಚೆ ಚೀಟಿ ಮೇಲೂ ಬಂತು. ಬಯಲಿನಲ್ಲಿ ಬಿಟ್ಟು "ಬಾ" ಅಂದ್ರೆ ಬರುತ್ತದೆ ಅಂತ ನಂಬಬೇಡ. ನಮ್ಮ ಮನೆಯಲ್ಲಿ ಇಷ್ಟು ವರ್ಷದಲ್ಲಿ ಐದು ನಾಯಿ ಆದವು, ಒಂದೂ ಹಾಗೆ ಬಂದಿಲ್ಲ.

ಬೀಳಗಿಯಿಂದ

ನಾನು ಏಳು ವರ್ಷದಿಂದ ಇದೇ ಹಿನ್ನೀರಿನಲ್ಲಿ ನಾಯಿ ಜೊತೆ ಓಡಾಡುತ್ತಿದ್ದೇನೆ. ನನ್ನದು ಬೀದಿ ತಳಿ, ಈಗ ವಯಸ್ಸಾಗಿದೆ. ಮೂರೂ ಒಟ್ಟಿಗೆ ಆಗುತ್ತದೆ. ಆದರೆ ವಾಕಿಂಗ್ ಮಾಡುತ್ತಾ ಫೋಟೊ ತೆಗೆಯೋದು ಆಗಲ್ಲ. ಎರಡನ್ನೂ ಬೇರೆ ಬೇರೆ ಮಾಡಿ. ನನಗೆ ಇದು ತಿಳಿಯೋಕೆ ಎರಡು ಚಳಿಗಾಲ ಹೋಯಿತು.

ನಾನು ಮಾಡೋದು ಹೀಗೆ. ಬೆಳಕು ಹರಿಯುವ ಮೊದಲು ಹೊಲದ ದಾರಿಯಲ್ಲಿ, ನೀರು ಕಾಣದ ಕಡೆ, ಮುಕ್ಕಾಲು ತಾಸು ಚೆನ್ನಾಗಿ ನಡೆಸುತ್ತೇನೆ. ಅದರ ಓಡಾಟ, ಮೂಸಾಟ, ಹೇಲು ಉಚ್ಚೆ ಎಲ್ಲ ಅಲ್ಲೇ ಮುಗಿಯಬೇಕು. ಆಮೇಲೆ ದಂಡೆಗೆ ಬಂದು ಒಂದು ಕಡೆ ಕೂತುಬಿಡುತ್ತೇನೆ, ನಾಯಿ ಪಕ್ಕಕ್ಕೆ. ಅಷ್ಟೇ. ಹಕ್ಕಿ ಹಿಂದೆ ಹೋಗಲ್ಲ. ಮೊದಲ ಕಾಲು ತಾಸು ಏನೂ ಆಗಲ್ಲ, ಬೇಜಾರಾಗುತ್ತದೆ. ಆಮೇಲೆ ಒಂದೊಂದಾಗಿ ವಾಪಸ್ ಬರುತ್ತವೆ, ಯಾಕಂದ್ರೆ ರಾಡಿಯಲ್ಲಿ ಹುಳ ಇರೋದು ನೀರಿನ ಅಂಚಿಗೇ, ಅವುಗಳಿಗೂ ಬೇರೆ ದಾರಿ ಇಲ್ಲ. ನಿಂತ ಮನುಷ್ಯ, ನಡೆಯುವ ನಾಯಿ ಎರಡೂ ಹಕ್ಕಿಗೆ ಅಪಾಯ. ಕೂತ ಮನುಷ್ಯ, ಮಲಗಿದ ನಾಯಿ ಸ್ವಲ್ಪ ಹೊತ್ತಿಗೆ ಬಂಡೆಯ ಲೆಕ್ಕ.

ಹಕ್ಕಿ ಹಾರುವ ಮೊದಲು ಹೇಳಿಯೇ ಹಾರುತ್ತದೆ, ನಾವು ನೋಡಲ್ಲ. ಮೆಟ್ಟುಗಾಲು ಹಕ್ಕಿಗಳನ್ನೇ ನೋಡಿ, ಆ ಕೆಂಪು ಉದ್ದ ಕಾಲಿನವು. ತಿನ್ನುವುದನ್ನು ನಿಲ್ಲಿಸಿ ಕತ್ತು ಎತ್ತಿದವು ಅಂದ್ರೆ ಒಂದನೇ ಎಚ್ಚರಿಕೆ. ಎಲ್ಲ ಒಂದೇ ಕಡೆ ಮುಖ ಮಾಡಿ ನಿಧಾನ ನಡೆಯೋಕೆ ಶುರು ಮಾಡಿದರೆ ಎರಡನೆಯದು. ಆಮೇಲೆ "ಕಿಕ್ ಕಿಕ್" ಕೂಗು, ಆಮೇಲೆ ರೆಕ್ಕೆ. ಕತ್ತು ಎತ್ತಿದಾಗಲೇ ನಿಂತು, ನಾಲ್ಕು ಹೆಜ್ಜೆ ಹಿಂದೆ ಬಂದರೆ ಬಹಳ ಸಲ ಮತ್ತೆ ತಿನ್ನೋಕೆ ಶುರು ಮಾಡುತ್ತವೆ. ಟಿಟ್ಟಿಭ ಇದ್ದರೆ ಕಥೆ ಬೇರೆ. ಅದು ದಂಡೆಯ ವಾಚ್‌ಮನ್. ಅದು ಕೂಗಿತು ಅಂದ್ರೆ ಆ ಜಾಗ ಬಿಟ್ಟು ಇನ್ನೊಂದು ಕಡೆ ಹೋಗಿ.

ಹೆಬ್ಬಾತು ಓಡಿಸಿದ್ದಕ್ಕೆ ಆ ಹಿರಿಯರು ಅಷ್ಟು ಬೈದದ್ದು ಬರೀ ಫೋಟೊ ಹೋಯಿತು ಅಂತಲ್ಲ ಅನ್ಸುತ್ತೆ. ಅವು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಬೇಸಿಗೆ ಹತ್ತಿರ ಬಂದಾಗ ವಾಪಸ್ ಹೋಗೋಕೆ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ನಾವು ಹಾರಿಸಿದಷ್ಟೂ ಅದು ಕರಗುತ್ತದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರ್ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದಲ್ಲೂ ಸಿಕ್ಕಿವೆ. ಅಂಥದ್ದು ಕಂಡರೆ ಚೆಂದದ ಫೋಟೊಕ್ಕಿಂತ ನಂಬರ್ ಓದುವ ಹಾಗೆ ಒಂದು ಫೋಟೊ ಮೊದಲು ತೆಗೆದು, ಕಂಡ ಹಕ್ಕಿ ದಾಖಲಿಸುವ ಇ-ಬರ್ಡ್ ವೆಬ್‌ಸೈಟ್‌ಗೆ ಹಾಕಿ.

ಜಾಗ ಹುಡುಕುವುದಕ್ಕೆ ಒಂದು ಸುಲಭ ಉಪಾಯ. ಪೇಪರ್‌ನಲ್ಲಿ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ ಬರುತ್ತದಲ್ವಾ, ತುಂಬಿದಾಗ 519.60 ಮೀಟರ್. ಮಳೆಗಾಲದಲ್ಲಿ ತುಂಬಿದಾಗ ದಂಡೆಯೇ ಇರಲ್ಲ, ನೀರು ಜಾಲಿ ಬುಡಕ್ಕೆ ಬಂದು ನಿಂತಿರುತ್ತದೆ. ಮಟ್ಟ ಇಳಿದ ಹಾಗೆ ಹೊಸ ರಾಡಿ ಹೊರಗೆ ಬೀಳುತ್ತದೆ, ಹಕ್ಕಿ ಆ ಹೊಸ ರಾಡಿಗೆ ಬರುತ್ತದೆ. ಹೋದ ವಾರ ಕೂತ ಜಾಗ ಈ ವಾರ ಒಣಗಿ ಬಿರುಕು ಬಿಟ್ಟಿರುತ್ತದೆ. ನೀರು ತೆಳುವಾದ ಕಡೆ ಬೇಸಿಗೆ ಹೊತ್ತಿಗೆ ರಾಜಹಂಸವೂ ಬರುತ್ತದೆ. ಅದಕ್ಕೆ ಇನ್ನೂ ದೂರ ಬೇಕು, 70-300ಕ್ಕೆ ಸಿಗುವುದು ಗುಲಾಬಿ ಗೆರೆ ಅಷ್ಟೇ. ಅದರಲ್ಲೂ ಒಂದು ಅಂದ ಇದೆ, ಹಿಂದೆ ನೀರು, ಗುಡ್ಡ ಸೇರಿಸಿ ಅಗಲವಾಗಿ ತೆಗೀರಿ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳಲ್ಲ. ಸೂರ್ಯ ಬೆನ್ನಿಗೆ ಇರಲಿ. ನಿಂತ ಹಕ್ಕಿಗೆ ಶಟರ್ 1/500, ಹಾರುವುದಕ್ಕೆ 1/2000. ಮೆಟ್ಟುಗಾಲಿನ ಬಿಳಿ ಎದೆ ಸುಣ್ಣದ ಹಾಗೆ ಬರುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಒಂಬತ್ತೂವರೆ ಮೇಲೆ ನೆಲದ ಝಳಕ್ಕೆ ಎಲ್ಲ ನಡುಗಿದ ಹಾಗೆ ಬರುತ್ತದೆ, ಎಷ್ಟು ದೊಡ್ಡ ಲೆನ್ಸ್ ಇದ್ದರೂ ಅಷ್ಟೇ. ಮನೆಗೆ ಹೋಗಿ ಚಹಾ ಕುಡೀರಿ.

ಜಮಖಂಡಿಯಿಂದ

ಎಲ್ಲರೂ ಹಕ್ಕಿ ಬಗ್ಗೆ ಹೇಳಿದಿರಿ, ಮೊಸಳೆ ಬಗ್ಗೆ ಯಾರೂ ಹೇಳಲಿಲ್ಲ. ಕೃಷ್ಣೆಯಲ್ಲಿ ಮೊಸಳೆ ಇವೆ. ಚಳಿಗಾಲದ ಬಿಸಿಲಿಗೆ ದಂಡೆ ಮೇಲೆ ಮೈ ಕಾಯಿಸುತ್ತಾ ಮಲಗಿರುತ್ತವೆ, ಒಣ ಮರದ ತುಂಡು ಅಂದುಕೊಳ್ಳುತ್ತೀರಿ. ನಾಯಿಯನ್ನು ನೀರಿಗೆ ಇಳಿಸಬೇಡಿ, ನೀರು ಕುಡಿಸೋಕೂ ದಂಡೆಗೆ ಬಿಡಬೇಡಿ, ಮನೆಯಿಂದ ಬಾಟಲಿ ಒಯ್ಯಿರಿ. ಹೊಸದಾಗಿ ಹೊರಬಿದ್ದ ರಾಡಿ ಮೇಲೆ ಕೆನೆ ಕಟ್ಟಿದ ಹಾಗೆ ಒಣಗಿರುತ್ತದೆ, ಕೆಳಗೆ ಹುದುಲು. ನಾಯಿ ಹಗುರ, ದಾಟಿ ಹೋಗುತ್ತದೆ. ಹಿಂದೆ ಹೋದ ನಾನು ಮೊಣಕಾಲಿನವರೆಗೆ ಇಳಿದೆ, ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ. ಎತ್ತು, ಕುರಿ ಹೋದ ಹೆಜ್ಜೆ ಇದ್ದ ಕಡೆ ಮಾತ್ರ ಕಾಲಿಡಿ. ಕುರಿಗಾರರ ನಾಯಿಗಳಿಂದಲೂ ದೂರ ಇರಿ, ಅವು ತಮ್ಮ ಕೆಲಸ ಮಾಡುತ್ತಿರುತ್ತವೆ.

ವಿಜಯಪುರದಿಂದ

ನನ್ನ ಅಭಿಪ್ರಾಯ ಬೇರೆ, ಬೇಜಾರಾಗಬೇಡಿ. ಮಾರ್ಚ್‌ನಿಂದ ಮೇ ತನಕ ನಾಯಿಯನ್ನು ದಂಡೆಗೆ ತರಲೇಬೇಡಿ. ಆಗ ಟಿಟ್ಟಿಭ, ನದಿ ರೀವ (ಟರ್ನ್ ಹಕ್ಕಿ), ಸಣ್ಣ ಪ್ಲವರ್‌ಗಳೆಲ್ಲ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇರಲ್ಲ, ಒಂದು ಸಣ್ಣ ಕುಳಿ, ಅದರಲ್ಲಿ ಬೆಣಚುಕಲ್ಲಿನ ಬಣ್ಣದ ಮೂರ್ನಾಲ್ಕು ಮೊಟ್ಟೆ. ನಾನೇ ಒಂದು ಸಲ ಕೂರೋಕೆ ಅಂತ ಬ್ಯಾಗ್ ಇಡಲು ಹೋಗಿ, ಕೈ ಅರ್ಧದಲ್ಲಿ ನಿಂತಿತು. ಒಂದು ಗೇಣು ಆಚೆ ಮೊಟ್ಟೆ ಇತ್ತು. ತಾಯಿ ಹಕ್ಕಿ ಎದ್ದು ಹೋದರೆ ನಮ್ಮ ಬಿಸಿಲಿಗೆ ಮೊಟ್ಟೆ ಬೇಯೋದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಪ್ಲವರ್ ರೆಕ್ಕೆ ಮುರಿದ ಹಾಗೆ ನಾಟಕ ಮಾಡಿ ನಾಯಿಯನ್ನು ದೂರ ಎಳೆದುಕೊಂಡು ಹೋಗುತ್ತದೆ. ನೋಡೋಕೆ ಮಜಾ ಅನ್ಸುತ್ತೆ, ಹಕ್ಕಿಗೆ ಅದು ಪ್ರಾಣದ ಮಾತು. ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ವನ್ಯಜೀವಿ ಕಾಯ್ದೆ ಬೇಟೆ ಅಂತಲೇ ಎಣಿಸುತ್ತದೆ. ಗೋಕಾಕ ಕಡೆ ಘಟಪ್ರಭಾ ಪಕ್ಷಿಧಾಮಕ್ಕೆ ಹೋಗುವುದಾದರೂ ನಾಯಿ ಮನೆಯಲ್ಲೇ ಇರಲಿ.

ಮತ್ತೆ ಉಣ್ಣಿ. ದಂಡೆ ಹುಲ್ಲಿನಲ್ಲಿ ಕುರಿ ದನ ಮೇಯುತ್ತವೆ, ಉಣ್ಣಿ ಇದ್ದೇ ಇರುತ್ತವೆ. ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿ, ಬಾಲದ ಕೆಳಗೆ ಬೆರಳು ಆಡಿಸಿ ನೋಡಿ. ನಮ್ಮ ನಾಯಿ ನಾಲ್ಕು ದಿನ ಊಟ ಬಿಟ್ಟಾಗ ಬಿಸಿಲಿಗೆ ಸೋತಿದೆ ಅಂದುಕೊಂಡೆವು, ರಕ್ತ ಪರೀಕ್ಷೆ ಮಾಡಿಸಿದರೆ ಉಣ್ಣಿ ಜ್ವರ. ಉಳಿಯಿತು, ಆದರೆ ಹೆದರಿಕೆ ಹೋಗಿಲ್ಲ. ಇಲಿಜ್ವರದ ಲಸಿಕೆ ಹಾಕಿಸಿದ್ದೀರಾ ಅಂತಲೂ ಡಾಕ್ಟರ್ ಹತ್ತಿರ ಕೇಳಿ, ನಿಂತ ನೀರಿನ ಹತ್ತಿರ ಓಡಾಡುವ ನಾಯಿಗೆ ಅದು ಬೇಕು.

ಬೆಳಗಾವಿಯಿಂದ

ಕಾರವಾರದ್ದು ನಾನು ಹೇಳುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಲ್ಯಾಬ್ರಡಾರ್ ಹಿಂದಿನ ಸೀಟಿಗೆ ಹಾಕಿಕೊಂಡು ಹೋಗುತ್ತೇವೆ.

ಹಿನ್ನೀರು ತಿಂಗಳುಗಟ್ಟಲೆ ಇಳಿಯುತ್ತದೆ, ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹೊತ್ತೂ ದಿನಾ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಫೋನಿನಲ್ಲಿ ಭರತ ಇಳಿತದ ಟೈಮ್ ನೋಡಿಕೊಂಡೇ ಹೊರಡಿ. ಇಳಿತ ಇದ್ದಾಗ ಹಕ್ಕಿಗಳು ಒದ್ದೆ ಮರಳಿನ ಉದ್ದಕ್ಕೂ ಹರಡಿಕೊಂಡು ತಿನ್ನುತ್ತಿರುತ್ತವೆ, ಒಂದು ಗುಂಪಿಗೆ ತೊಂದರೆ ಆದರೆ ಪಕ್ಕಕ್ಕೆ ಹೋಗೋಕೆ ಜಾಗ ಇರುತ್ತದೆ. ಭರತ ಬಂದಾಗ ಎಲ್ಲ ಒತ್ತಿಕೊಂಡು ಮೇಲಿನ ಒಂದು ಪಟ್ಟಿ ಮರಳಲ್ಲಿ, ಒಂದೇ ಕಾಲ ಮೇಲೆ, ಕೊಕ್ಕು ಬೆನ್ನಿಗೆ ಸಿಕ್ಕಿಸಿ ನಿದ್ದೆ ಮಾಡುತ್ತವೆ. ಆಗ ಅವುಗಳಿಗೆ ಬೇರೆ ಜಾಗ ಇಲ್ಲ. ಹಾಗಾಗಿ ಭರತದ ಹೊತ್ತಿಗೆ ನಾಯಿ ರೂಮಿನಲ್ಲಿ, ನಾನು ಒಬ್ಬನೇ ಕ್ಯಾಮೆರಾ ಹಿಡಿದು ದೂರದಲ್ಲಿ. ಇಳಿತಕ್ಕೆ ನಾಯಿ ಜೊತೆ ವಾಕಿಂಗ್, ಆಗ ಕ್ಯಾಮೆರಾ ರೂಮಿನಲ್ಲಿ. ಬೀಳಗಿಯವರು ಹೇಳಿದ್ದೂ ಇದನ್ನೇ ಅಲ್ವಾ.

ಊರ ಮುಂದಿನ ಟ್ಯಾಗೋರ್ ಬೀಚಿನಲ್ಲಿ ಸಂಜೆ ಜನ ಜಾಸ್ತಿ, ಬೀದಿ ನಾಯಿಗಳ ಗುಂಪೂ ಇರುತ್ತದೆ. ಬೆಳಗಿನ ಜಾವ ಪರವಾಗಿಲ್ಲ. ಕಾಳಿ ನದಿ ಸಮುದ್ರ ಸೇರುವ ಕಡೆ ಮರಳ ದಿಬ್ಬದ ಮೇಲೆ ಕಡಲಕ್ಕಿ, ರೀವ ಕೂರುತ್ತವೆ, ಅಲ್ಲಿಗೆ ನಾಯಿ ಬೇಡ. ಸ್ಯಾಂಡರ್ಲಿಂಗ್ ಅಂತ ಒಂದು ಪುಟ್ಟ ಹಕ್ಕಿ ಬರುತ್ತದೆ. ಅಲೆ ಹಿಂದೆ ಹೋದಾಗ ಅದರ ಬೆನ್ನು ಹತ್ತಿ ಓಡಿ ಕುಕ್ಕುತ್ತದೆ, ಅಲೆ ತಿರುಗಿ ಬಂದಾಗ ಸ್ಕೂಲ್ ಬಿಟ್ಟ ಮಕ್ಕಳ ಹಾಗೆ ವಾಪಸ್ ಓಡುತ್ತದೆ. ನಿಮ್ಮ ಚಿನ್ನಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೊಂದಿಲ್ಲ, ಚೈನ್ ಗಟ್ಟಿ ಹಿಡಿಯಿರಿ.

ನಾಯಿ ಉಪ್ಪು ನೀರು ಕುಡಿಯುತ್ತದೆ, ತಡೆಯದಿದ್ದರೆ ರಾತ್ರಿಯೆಲ್ಲ ವಾಂತಿ ಭೇದಿ. ನಮಗೆ ಮೊದಲ ಸಲ ರೂಮಿನ ಮ್ಯಾಟ್ ತೊಳೆದು ಕೊಡುವ ಭಾಗ್ಯ ಬಂತು. ಹದಿನೈದು ನಿಮಿಷಕ್ಕೊಮ್ಮೆ ಸಿಹಿನೀರು ಕೊಡುತ್ತಿರಿ. ಬಲೆಯಿಂದ ಬಿಸಾಡಿದ ಮೀನು ದಂಡೆಯಲ್ಲಿ ಬಿದ್ದಿರುತ್ತದೆ, ಅದರಲ್ಲಿ ಹೊಟ್ಟೆ ಉಬ್ಬಿಸುವ ಪಫರ್ ಮೀನು ಇದ್ದರೆ ವಿಷ, ನಾಯಿ ಸಾಯಬಹುದು. ಗಾಳ, ನೈಲಾನ್ ದಾರ ಬೇರೆ. ಆ ಕರಾವಳಿಯಲ್ಲಿ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ, ಬಿದಿರು ನೆಟ್ಟು ಬಲೆ ಕಟ್ಟಿದ ಜಾಗ ಕಂಡರೆ ನಾಯಿಯನ್ನು ಹತ್ತಿರಕ್ಕೂ ಬಿಡಬೇಡಿ, ಅಗೆದುಬಿಡುತ್ತದೆ. ಕ್ಯಾಮೆರಾಗೆ ದಂಡೆಯಲ್ಲಿ ಲೆನ್ಸ್ ಬದಲಿಸಬೇಡಿ, ರೂಮಿಗೆ ಬಂದು ಹಿಂಡಿದ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ.

ಬಾಗಲಕೋಟೆಯಿಂದ, ಹತ್ತು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್ ರೀ. ಅಗಲ ಪಟ್ಟಿ ಹೊಲಿಸಿದೆ, ಮುಧೋಳದ ಕಾಕಾ ಹೇಳಿದ ಹಾಗೆ. ನಿನ್ನೆ ಮುಕ್ಕಾಲು ತಾಸು ಹೊಲದ ದಾರಿಯಲ್ಲಿ ನಡೆಸಿ, ದಂಡೆಗೆ ಬಂದು ಚೈನನ್ನು ಜಾಲಿ ಬುಡಕ್ಕೆ ಕಟ್ಟಿ ಕೂತೆ. ಅವಳು ಸುಮ್ಮನಿರಲಿ ಅಂತ ಕಡಕ್ ರೊಟ್ಟಿ ಚೂರು ಒಯ್ದಿದ್ದೆ, ಅದೇ ತಪ್ಪಾಯಿತು. ಒಂದು ಚೂರು ಕಟುಂ ಅಂತ ಕಡಿದಳು ನೋಡಿ, ಅಷ್ಟೂ ಮೆಟ್ಟುಗಾಲು ಹಕ್ಕಿ ಒಟ್ಟಿಗೆ ಕತ್ತು ಎತ್ತಿದವು! ಇನ್ನು ಮೇಲೆ ಮೆತ್ತಗಿನ ರೊಟ್ಟಿ.

ಆಮೇಲೆ ಅವಳು ನಿದ್ದೆ ಹೋದಳು. ಎಂಟೂಕಾಲಿಗೆ ಗುಬ್ಬಿಯಷ್ಟು ಹಕ್ಕಿ ಐದಾರು, ಹೊಲಿಗೆ ಮಷೀನಿನ ಸೂಜಿ ಹಾಗೆ ರಾಡಿ ಕುಕ್ಕುತ್ತಾ ಬಂದವು. ಪುಸ್ತಕ ನೋಡಿದೆ, ಲಿಟಲ್ ಸ್ಟಿಂಟ್. ಮೂವತ್ತು ಗ್ರಾಂ ಆಸುಪಾಸು ತೂಕವಂತೆ, ಬರೋದು ಉತ್ತರ ಧ್ರುವದ ಹತ್ತಿರದಿಂದ. ನನ್ನಿಂದ ಹನ್ನೆರಡು ಅಡಿ ದೂರಕ್ಕೆ ಬಂದವು. ನಾನು ಉಸಿರು ಬಿಡಲಿಲ್ಲ. ನಲವತ್ತು ಫೋಟೊದಲ್ಲಿ ಮೂರು ಚೆನ್ನಾಗಿವೆ, ಮೂರರಲ್ಲೂ ಎಡಗಡೆ ಮೂಲೆಯಲ್ಲಿ ಮಸುಕಾಗಿ ಚಿನ್ನಿಯ ಒಂದು ಕಿವಿ ಬಂದಿದೆ. ಕತ್ತರಿಸಲ್ಲ, ಇರಲಿ.

ಒಂದು ಪ್ರಶ್ನೆ ಉಳಿಯಿತು. ಎರೆ ರಾಡಿ ಅವಳ ಕಾಲಿಗೆ ಮೆತ್ತಿಕೊಂಡದ್ದು ಎಷ್ಟು ನೀರು ಹಾಕಿದರೂ ಹೋಗುತ್ತಿಲ್ಲ. ಮನೆಯಲ್ಲಿ ಅವ್ವ ಒಳಗೆ ಬಿಡುತ್ತಿಲ್ಲ, ಇಬ್ಬರನ್ನೂ.

ಬೀಳಗಿಯಿಂದ

ನೀರು ಹಾಕಬೇಡಿ, ಹಾಕಿದಷ್ಟೂ ಅಂಟು. ಹೊರಗೆ ಬಿಸಿಲಿಗೆ ಅರ್ಧ ತಾಸು ಕಟ್ಟಿ, ಪೂರ್ತಿ ಒಣಗಲಿ. ಆಮೇಲೆ ಗೋಣಿಚೀಲದ ತುಂಡಿನಲ್ಲಿ ತಿಕ್ಕಿದರೆ ಹೆಂಟೆ ಹೆಂಟೆ ಉದುರುತ್ತದೆ. ಬೆರಳ ಸಂದಿಗೆ ಮಾತ್ರ ಬೆಚ್ಚಗಿನ ನೀರು. ನಿಮ್ಮ ಪ್ಯಾಂಟಿಗೂ ಇದೇ ಔಷಧ.